ಓದುಗರ ಪ್ರಶ್ನೆ: ಕೆಲವು ಬಿಲ್ಲುಗಳು ಮಾತ್ರ ಏಕೆ ನಿಂತುಹೋಗುತ್ತವೆ?

ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದಕ್ಕೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಹರಾಜಿನ ವಿವರವಿರುವ ಎಕ್ಸ್‌ಎಂಎಲ್ ಕಡತವನ್ನು (ಪ್ರತಿ ಮಾಹಿತಿಗೂ ಹೆಸರಿನ ಗುರುತು ಹಾಕಿ ಬರೆದಿಡುವ ಪಠ್ಯ ಕಡತ) ಜಾವಾ ಪ್ರೋಗ್ರಾಂ ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟಿನ (ಅಂಥ ಕಡತವನ್ನು ಬೇರೆ ರೂಪಕ್ಕೆ ತರುವ ನಿಯಮಗಳ ಕಡತ) ಮೂಲಕ ರೈತರ ಬಿಲ್ಲಾಗಿ ಮಾರ್ಪಡಿಸುತ್ತದೆ. ಸ್ಟೈಲ್‌ಶೀಟನ್ನು ಓಡಿಸುವ ಸ್ಯಾಕ್ಸನ್ ಪ್ರೊಸೆಸರ್ ಅಳವಡಿಸಿ, ಸ್ಟೈಲ್‌ಶೀಟಿನ ಆವೃತ್ತಿಯನ್ನು 1.0ರಿಂದ 2.0ಕ್ಕೆ ಬದಲಿಸಿದ ಮೇಲೆ ಕೆಲವು ಬಿಲ್ಲುಗಳು ಬರುತ್ತಿಲ್ಲ. ಒಂದಕ್ಕಿಂತ ಹೆಚ್ಚು ಐಟಂ ಇರುವಂತಿಲ್ಲ ಎಂಬರ್ಥದ ಒಂದೇ ಸಾಲು ಪ್ರೋಗ್ರಾಂ ಬರೆದಿಡುವ ಲಾಗ್‌ನಲ್ಲಿರುತ್ತದೆ. ತಪ್ಪು ಎಲ್ಲಿದೆಯೆಂದು ತಿಳಿಯುವುದಿಲ್ಲ. ಆವೃತ್ತಿಯನ್ನು ಮತ್ತೆ 1.0 ಮಾಡಿದರೆ ಸಾಕೇ? ಕೋಡನ್ನೂ ನಿಂತುಹೋದ ಒಂದು ಕಡತವನ್ನೂ ಲಗತ್ತಿಸಿದ್ದೇನೆ.
— ಓದುಗರೊಬ್ಬರು, ಕೋಲಾರ

ಉತ್ತರ: ದಯವಿಟ್ಟು 1.0ಕ್ಕೆ ಹಿಂದಿರುಗಬೇಡಿ. ದೋಷ ಕಾಣದಂತಾಗುತ್ತದೆಯೇ ಹೊರತು ಬಿಲ್ಲು ಸರಿಯಾಗುವುದಿಲ್ಲ.

ನೀವು ಕಳುಹಿಸಿದ ಕಡತದಲ್ಲಿ 40 ಬಾಕ್ಸ್‌ಗಳ ಒಂದು ಲಾಟ್ ಇದೆ. ಅದರಲ್ಲಿ 15 ಬಾಕ್ಸ್ 220 ರೂಪಾಯಿಯಂತೆಯೂ 25 ಬಾಕ್ಸ್ 300 ರೂಪಾಯಿಯಂತೆಯೂ ಮಾರಾಟವಾಗಿರುವುದರಿಂದ ಒಂದೇ ಲಾಟಿನೊಳಗೆ ಎರಡು ದರಗಳು ದಾಖಲಾಗಿವೆ. ನಿಮ್ಮ ಸ್ಟೈಲ್‌ಶೀಟ್ ಒಟ್ಟು ಬಾಕ್ಸ್‌ಗಳನ್ನು ‘ದರ’ದಿಂದ ನೇರವಾಗಿ ಗುಣಿಸುತ್ತದೆ. 1999ರ ಎಕ್ಸ್‌ಎಸ್‌ಎಲ್‌ಟಿ 1.0ರ ನಿಯಮದಂತೆ, ಹಲವು ನೋಡ್‌ಗಳನ್ನು (ಕಡತದ ನಮೂದುಗಳನ್ನು, ಇಲ್ಲಿ ದರಗಳನ್ನು) ಸಂಖ್ಯೆಯಾಗಿ ಬಳಸಿದಾಗ ಕಡತದಲ್ಲಿ ಮೊದಲು ಬರುವುದನ್ನು ಮಾತ್ರ ತೆಗೆದುಕೊಂಡು ಉಳಿದವನ್ನು ಸದ್ದಿಲ್ಲದೆ ಬಿಡಲಾಗುತ್ತದೆ. ಹಾಗಾಗಿ 10,800 ರೂಪಾಯಿ ಬರಬೇಕಾದ ರೈತರಿಗೆ 8,800 ರೂಪಾಯಿಯ ಬಿಲ್ಲು ಸಿಗುತ್ತದೆ. 2007ರಲ್ಲಿ ಬಂದ 2.0 ಇದನ್ನು ಒಪ್ಪದೆ ಎಕ್ಸ್‌ಪಿಟಿವೈ0004 ಎಂಬ ದೋಷ ಕೊಟ್ಟು ನಿಲ್ಲುತ್ತದೆ. ನಿಂತದ್ದೇ ಒಳ್ಳೆಯದಾಯಿತು ಎಂದು ನಾನು ಭಾವಿಸುತ್ತೇನೆ. ಪ್ರತಿ ದರದ ಜೊತೆಗೆ ಅದರ ಬಾಕ್ಸ್ ಸಂಖ್ಯೆಯೂ ಕಡತದಲ್ಲಿರುವುದರಿಂದ, ಒಂದೊಂದನ್ನೂ ಪ್ರತ್ಯೇಕವಾಗಿ ಗುಣಿಸಿ ಕೊನೆಯಲ್ಲಿ ಕೂಡಿಸಿರಿ.

ಇನ್ನು, ತಪ್ಪಿನ ಜಾಗ ನಿಮಗೇಕೆ ತಿಳಿಯಲಿಲ್ಲ ಎಂಬುದು. ದೋಷ ಬಂದಾಗ ಓಡುವ ನಿಮ್ಮ ಕ್ಯಾಚ್ ಬ್ಲಾಕ್, ಮಾರ್ಪಾಡಿನ ದೋಷವನ್ನು ತಿಳಿಸುವ ಟ್ರಾನ್ಸ್‌ಫಾರ್ಮರ್‌ಎಕ್ಸೆಪ್ಶನ್ ಅನ್ನು ಹಿಡಿದು ಗೆಟ್‌ಮೆಸೇಜ್ ಕೊಟ್ಟ ಪಠ್ಯವನ್ನಷ್ಟೇ ಬರೆದಿಡುತ್ತದೆ. ಗೆಟ್‌ಮೆಸೇಜ್‌ಆಂಡ್‌ಲೊಕೇಶನ್ ಕರೆದರೆ, ದೊರೆಯುವಾಗಲೆಲ್ಲ ಸ್ಟೈಲ್‌ಶೀಟಿನ ಹೆಸರು, ಸಾಲು, ಅಂಕಣಗಳೂ ಬರುತ್ತವೆ. ಸಾಲಿನ ಸಂಖ್ಯೆ -1 ಎಂದು ಬಂದರೆ ಆ ಮಾಹಿತಿ ಲಭ್ಯವಿಲ್ಲವೆಂದು ಅರ್ಥ. ಸ್ಟೈಲ್‌ಶೀಟನ್ನು ಕಡತದಿಂದ ಓದದೆ ಡಾಮ್ (ಮೆಮೊರಿಯಲ್ಲಿ ಕಟ್ಟಿದ ಮರದಂಥ ರಚನೆ) ರೂಪದಲ್ಲಿ ಕೊಟ್ಟಾಗ ಹೀಗಾಗುವುದುಂಟು. ನಿಮ್ಮ ಕೋಡಿನಲ್ಲಿ ಸ್ಟೈಲ್‌ಶೀಟನ್ನು ಒದಗಿಸುವ ಸ್ಟ್ರೀಮ್‌ಸೋರ್ಸ್‌ಗೆ ಇನ್‌ಪುಟ್‌ಸ್ಟ್ರೀಮ್ (ಕಡತದ ಒಳಗಿನ ಪಠ್ಯ) ಮಾತ್ರ ಕೊಟ್ಟಿದ್ದೀರಿ, ಕಡತ ಎಲ್ಲಿದೆಯೆಂದು ತಿಳಿಸುವ ಸೆಟ್‌ಸಿಸ್ಟಮ್‌ಐಡಿ ಕರೆದಿಲ್ಲ. ಅದಿಲ್ಲದೆ ದೋಷದ ವರದಿಯಲ್ಲಿ ಕಡತದ ಹೆಸರು ಬರುವುದಿಲ್ಲ. ಮುಂದೆ ಇನ್ನೊಂದು ಸ್ಟೈಲ್‌ಶೀಟನ್ನು ಇಂಪೋರ್ಟ್ ಮಾಡಿಕೊಂಡರೆ ಅದು ಎಲ್ಲಿದೆಯೆಂದು ಪ್ರೊಸೆಸರ್‌ಗೆ ಗೊತ್ತೂ ಆಗುವುದಿಲ್ಲ. ಕಮಾಂಡ್ ಲೈನಿನಲ್ಲಿ ಸರಿಯಾಗಿ ಓಡುವ ಸ್ಟೈಲ್‌ಶೀಟ್ ಪ್ರೋಗ್ರಾಮಿನೊಳಗೆ ಮಾತ್ರ ಸೋಲುವುದಕ್ಕೆ ಎಷ್ಟೋ ಸಲ ಈ ಒಂದು ಸಾಲಿನ ಕೊರತೆಯೇ ಕಾರಣ.

ದೋಷಗಳ ಸುದ್ದಿ ಪಡೆಯುವ ಎರರ್‌ಲಿಸನರ್ ಅನ್ನು ನೀವು ಟ್ರಾನ್ಸ್‌ಫಾರ್ಮರ್‌ಫ್ಯಾಕ್ಟರಿಗೆ ಮಾತ್ರ ಜೋಡಿಸಿದ್ದೀರಿ. ಆ ಜೋಡಣೆ ಇರುವುದು ಸ್ಟೈಲ್‌ಶೀಟನ್ನು ಓದಿ ಸಿದ್ಧಪಡಿಸುವ ಹಂತದ ತಪ್ಪುಗಳಿಗೆ; ಓಡುವಾಗಿನ ತಪ್ಪುಗಳಿಗೆ, ಮಾರ್ಪಾಡು ನಡೆಸುವ ಟ್ರಾನ್ಸ್‌ಫಾರ್ಮರ್‌ಗೂ ಪ್ರತ್ಯೇಕವಾಗಿ ಜೋಡಿಸಬೇಕು. ಎರರ್‌ಲಿಸನರ್‌ನ ವಾರ್ನಿಂಗ್, ಎರರ್, ಫೇಟಲ್‌ಎರರ್ ಎಂಬ ಮೂರು ಮೆಥಡ್‌ಗಳಲ್ಲಿ ಯಾವುದನ್ನೂ ಖಾಲಿ ಬಿಡದೆ, ಮೂರರಲ್ಲೂ ಲಾಗ್‌ಗೆ ಬರೆಯಿರಿ.

ಹೀಗೆ ಸ್ಟೈಲ್‌ಶೀಟಿನ ಸಾಲು ಸಿಕ್ಕರೂ ಯಾರ ಲಾಟಿನಲ್ಲಿ ತೊಂದರೆಯಾಯಿತು ಎಂಬುದು ತಿಳಿಯದು. ಅದಕ್ಕಾಗಿ ಒಂದಕ್ಕಿಂತ ಹೆಚ್ಚು ದರ ಕಂಡಾಗ ಲಾಟಿನ ಸಂಖ್ಯೆಯನ್ನು ಎಕ್ಸ್‌ಎಸ್‌ಎಲ್ ಮೆಸೇಜ್ (ಸ್ಟೈಲ್‌ಶೀಟ್ ಓಡುವಾಗ ಸಂದೇಶ ಹೊರಡಿಸುವ ಆದೇಶ) ಮೂಲಕ ಹೊರಗೆ ಹಾಕಿರಿ.

ಕೊನೆಯದಾಗಿ ಒಂದು ಕೋರಿಕೆ. ಆವೃತ್ತಿ 1.0 ಇದ್ದಾಗಿನ ಎಕ್ಸ್‌ಎಂಎಲ್ ಕಡತಗಳನ್ನು ಉಳಿಸಿಕೊಂಡಿದ್ದರೆ, ಎರಡು ದರಗಳಿರುವ ಲಾಟುಗಳನ್ನು ಅವುಗಳಲ್ಲಿ ಹುಡುಕಿ, ಬಿಲ್ಲಿನ ಮೊತ್ತದೊಂದಿಗೆ ತಾಳೆ ನೋಡಿ, ವ್ಯತ್ಯಾಸವಿರುವವರ ಪಟ್ಟಿಯನ್ನು ಮಂಡಿಯವರ ಕೈಗೆ ಕೊಡಿ.