ಅಂಗಳದಲ್ಲಿ ಸಿಕ್ಕ ಯಹೂದಿ ಸಮಾಧಿಕಲ್ಲುಗಳನ್ನು ಯಾವುದರಿಂದ ತೊಳೆಯಬೇಕು?

ಪೋಲೆಂಡಿನ ಹಳ್ಳಿಯೊಂದರ ಕೊಟ್ಟಿಗೆ ಅಂಗಳದಲ್ಲಿ ಹೀಬ್ರೂ ಬರಹದ ಕಲ್ಲುಗಳು ಸಿಕ್ಕಿವೆ, ಶನಿವಾರ ಟ್ರ್ಯಾಕ್ಟರ್ ಬರುತ್ತದೆ, ಯಾವ ದ್ರಾವಣದಿಂದ ತೊಳೆದು ಸ್ಮಶಾನದಲ್ಲಿ ಹೇಗೆ ನಿಲ್ಲಿಸೋದು ಅಂತ ಕೇಳಿದ್ದೀರಿ. ತೊಳೆಯುವ ಮಾತು ಆಮೇಲೆ. ಮೊದಲು ಟ್ರ್ಯಾಕ್ಟರ್ ಬೇಡ ಅನ್ನಿ.

ನಾನು ಕೆಲಸಕ್ಕೆಂದು ಈ ದೇಶಕ್ಕೆ ಬಂದವನು. ರಜೆಯ ದಿನಗಳಲ್ಲಿ ಸ್ವಯಂಸೇವಕರ ಜೊತೆ ಸೇರಿ ಇಂಥದ್ದೇ ಒಂದು ಅಂಗಳದಿಂದ ಕಲ್ಲು ಎಬ್ಬಿಸಿದ್ದೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರು ಯಹೂದಿ ಸ್ಮಶಾನಗಳ ಕಲ್ಲು ಕೀಳಿಸಿ ರಸ್ತೆಗೆ, ಅಂಗಳಕ್ಕೆ ಹಾಸಿಸಿದರು. ಕ್ರಾಕೋವ್ ನಗರದ ಪ್ವಾಶೂವ್ ನಾಜಿ ಸೆರೆಶಿಬಿರವನ್ನಂತೂ ಎರಡು ಯಹೂದಿ ಸ್ಮಶಾನಗಳ ಮೇಲೇ ಕಟ್ಟಿ, ಅಲ್ಲಿನ ಕಲ್ಲುಗಳನ್ನೇ ದಾರಿಗೆ ಹಾಸಿದ್ದರು. ಯುದ್ಧ ಮುಗಿದ ಮೇಲೂ ಎಷ್ಟೋ ಕಲ್ಲು ತಳಪಾಯಕ್ಕೆ ಹೋದವು, ಸಾಣೆಕಲ್ಲಾದವು.

ನಮ್ಮ ಗುಂಪಿನಲ್ಲಿ ನೋಟ್‌ಬುಕ್ ನನ್ನ ಕೈಯಲ್ಲಿತ್ತು. ಕಲ್ಲುಗಳಿಗೆ ನಾನು ನಂಬರ್ ಕೊಟ್ಟದ್ದು ಅವು ಸ್ಮಶಾನಕ್ಕೆ ಬಂದಿಳಿದ ಮೇಲೆ. ಅಂಗಳದಲ್ಲೇ, ಒಂದು ಕಲ್ಲೂ ಅಲುಗುವ ಮೊದಲೇ ಕೊಡಬೇಕಿತ್ತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಕಲ್ಲು ತಾನಾಗಿ ಬಿರುಕು ಬಿಟ್ಟಿದ್ದರೆ ಅಂಚುಗಳು ಒಡೆದ ಮಡಕೆಯ ಚೂರುಗಳಂತೆ ಕೂಡಿಕೊಳ್ಳುತ್ತವೆ. ಹಾಸುವುದಕ್ಕೆಂದು ಅಳತೆಗೆ ಕತ್ತರಿಸಿದ ಮರಳುಗಲ್ಲಿನಲ್ಲಿ ಹಾಗಾಗುವುದಿಲ್ಲ. ಉಳಿಯೋ ಗರಗಸವೋ ನಡುವಿನ ಒಂದಷ್ಟು ಕಲ್ಲನ್ನೂ ಅದರ ಮೇಲಿನ ಅಕ್ಷರದ ಸಾಲನ್ನೂ ತಿಂದುಹಾಕಿರುತ್ತದೆ. ಎಲ್ಲ ಅಂಚೂ ನೇರ, ಯಾವುದಕ್ಕೆ ಯಾವುದನ್ನು ಜೋಡಿಸಿದರೂ ಕೂಡುತ್ತದೆ. ಆದರೆ ಹಾಸಿದವನು ಒಂದು ಕಲ್ಲನ್ನು ತುಂಡರಿಸಿ, ಆ ತುಂಡುಗಳನ್ನು ಹೆಚ್ಚಾಗಿ ಅಕ್ಕಪಕ್ಕವೇ ಕೂರಿಸಿರುತ್ತಾನೆ. ಆ ನೆರೆಹೊರೆಯೇ ನಮಗೆ ಉಳಿದಿದ್ದ ಸಾಕ್ಷಿ. ನಾವು ಟ್ರೇಲರ್‌ಗೆ ಏರಿಸಿದಾಗ ಮೊದಲು ಎತ್ತಿದ್ದು ತಳಕ್ಕೆ ಹೋಯಿತು, ಇಳಿಸಿದಾಗ ಕೊನೆಗೆ ಬಂತು, ಎರಡನೇ ಲೋಡು ಮೊದಲನೆಯದರ ಮೇಲೆ ಬಿತ್ತು. ಸಾಲದ್ದಕ್ಕೆ ಗಾತ್ರ ನೋಡಿ ಅಟ್ಟಿ ಹಾಕಿದೆವು. ಫೋನಿನಲ್ಲಿ ತೆಗೆದ ಫೋಟೋಗಳೆಲ್ಲ ಅಕ್ಷರದ ಹತ್ತಿರದಿಂದ. ಜಿಪಿಎಸ್ ಇದೆಯಲ್ಲ ಅಂದುಕೊಂಡಿದ್ದೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅಂಗಳವೇ ಅಷ್ಟಿತ್ತು.

ಆಮೇಲೆ ಇಸ್ರೇಲಿನಿಂದ ಒಂದು ಕುಟುಂಬ ಬರೆಯಿತು, ಮುತ್ತಜ್ಜಿಯ ಕಲ್ಲು ಸಿಕ್ಕಿದೆಯೇ ಅಂತ. ಹೆಂಗಸರ ಕಲ್ಲಿಗೆ ಕೆತ್ತುವ ಮೇಣದಬತ್ತಿಗಳು, ಕೆಳಗೆ ಆಕೆಯ ಹೆಸರು, ತಂದೆಯ ಹೆಸರು. ಅಂಥ ಮೇಲ್ತುಂಡು ನಮ್ಮಲ್ಲಿ ಎರಡಿದ್ದವು, ಎರಡರಲ್ಲೂ ಅವೇ ಹೆಸರುಗಳು. ಹಳೆಯ ಕಲ್ಲುಗಳಲ್ಲಿ ಮನೆತನದ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಬೇರ್ಪಡಿಸಿ ಹೇಳಬೇಕಾದದ್ದು ತಾರೀಖು, ಅದು ಕೆಳತುಂಡಿನಲ್ಲಿ. ಕೆಳತುಂಡುಗಳ ರಾಶಿಯೇ ಇತ್ತು. ಅಂಗಳಕ್ಕೆ ಓಡಿದೆ, ಅಷ್ಟರಲ್ಲಿ ಅಲ್ಲಿ ಕಾಂಕ್ರೀಟ್ ಹಾಕಿಯಾಗಿತ್ತು. ಯಾವುದು ಅವರ ಮುತ್ತಜ್ಜಿಯದೆಂದು ಹೇಳಲಾಗುವುದಿಲ್ಲ ಅಂತ ಉತ್ತರ ಬರೆದೆ.

ಆದ್ದರಿಂದ ಅಂಗಳಕ್ಕೆ ಮೀಟರ್‌ಗೊಂದರಂತೆ ದಾರ ಕಟ್ಟಿ ಚೌಕ ಮಾಡಿ. ಏಣಿ ಹತ್ತಿ ಮೇಲಿನಿಂದ ಫೋಟೋ ತೆಗೆಯಿರಿ, ಕಾಗದದ ಮೇಲೆ ನಕ್ಷೆ ಬರೆಯಿರಿ, ಮಳೆಗೆ ಅಳಿಸದ ಚೀಟಿ ಕಟ್ಟಿ. ಕಲ್ಲಿನ ಮೇಲೆ ಪೇಂಟ್ ಬೇಡ. ಎಬ್ಬಿಸಿದ ಮೇಲೆ ಹಿಂಬದಿ, ಅಂಚುಗಳ ಚಿತ್ರವೂ ಬೇಕು. ಪ್ರಾಂತ್ಯದ ಸ್ಮಾರಕ ಸಂರಕ್ಷಣಾಧಿಕಾರಿಗೂ ಹತ್ತಿರದ ಯಹೂದಿ ಸಮುದಾಯಕ್ಕೂ ಮೊದಲೇ ತಿಳಿಸಿ. ಮತ್ತೆ, ಶನಿವಾರ ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ. ಯಹೂದಿ ಸ್ಮಶಾನದಲ್ಲಿ ಆ ದಿನ ಕೆಲಸ ಮಾಡುವಂತಿಲ್ಲ.

ಇನ್ನು ದ್ರಾವಣ. ಯಾವುದೂ ಬೇಡ. ಬರೀ ನೀರು, ಮೆತ್ತನೆಯ ಬ್ರಷ್, ಸಂದಿಯ ಮಣ್ಣಿಗೆ ಮರದ ಕಡ್ಡಿ. ಬ್ಲೀಚ್ ಕಲ್ಲಿನೊಳಗೆ ಉಪ್ಪು ಬಿಡುತ್ತದೆ. ಪ್ರೆಷರ್ ವಾಷರ್ ಮರಳುಗಲ್ಲಿನ ಮೇಲ್ಪದರದ ಜೊತೆ ಅಕ್ಷರವನ್ನೂ ಕೀಳುತ್ತದೆ. ನಮ್ಮೂರ ಶಾಸನಗಳಿಗೆ ಓದಲಿಕ್ಕೆಂದು ಹಿಟ್ಟು, ಸೀಮೆಸುಣ್ಣ ಬಳಿಯುವುದನ್ನು ನೋಡಿ ಬೆಳೆದವನು ನಾನು. ದಯವಿಟ್ಟು ಅದನ್ನು ಇಲ್ಲಿ ಮಾಡಬೇಡಿ, ಅಲ್ಲೂ ಮಾಡಬೇಡಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಾರಲ್ಲ, ಅದು ಸರಿಯಾದ ದಾರಿ. ಸ್ಕ್ಯಾನರ್ ಇಲ್ಲದಿದ್ದರೆ ಒಂದು ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಬೀಳಿಸಿ. ಸವೆದ ಅಕ್ಷರವೂ ನೆರಳು ಕೊಡುತ್ತದೆ.

ಕಲ್ಲಿನ ಮೇಲೆ ಹೀಬ್ರೂ ವರ್ಷವನ್ನು ಅಕ್ಷರಗಳಲ್ಲೇ ಬರೆದಿರುತ್ತಾರೆ, ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ, ಸಾಮಾನ್ಯವಾಗಿ 5000 ಬಿಟ್ಟು. ಉದಾಹರಣೆಗೆ, ತಾವ್ 400, ರೇಶ್ 200, ನೂನ್ 50, ಒಟ್ಟು 650. ಅದಕ್ಕೆ 1240 ಸೇರಿಸಿದರೆ 1890. ಹೀಬ್ರೂ ವರ್ಷ ಶರತ್ಕಾಲದಲ್ಲಿ ಶುರುವಾಗುವುದರಿಂದ ತಿಂಗಳು ತಿಶ್ರೀ, ಹೆಶ್ವಾನ್ ಅಥವಾ ಕಿಸ್ಲೇವ್ ಆಗಿದ್ದರೆ 1889. ಮುಂದಿನ ತಿಂಗಳು ತೇವೇತ್ ಆಗಿದ್ದರೆ ದಿನವನ್ನೂ ನೋಡಬೇಕು.

ಸ್ಮಶಾನದಲ್ಲಿ ಮತ್ತೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಯಾವ ಕಲ್ಲು ಯಾವ ಸಮಾಧಿಯದು ಅಂತ ಗೊತ್ತಿಲ್ಲದೆ ನಿಲ್ಲಿಸಿದರೆ ಒಬ್ಬರ ಹೆಸರನ್ನು ಇನ್ನೊಬ್ಬರ ಮೇಲೆ ಹೇರಿದಂತೆ. ಗುಂಡಿ ತೋಡಿದರೆ ಮೂಳೆ ಸಿಗಬಹುದು, ಯಹೂದಿ ಧರ್ಮದಲ್ಲಿ ಸತ್ತವರನ್ನು ಕದಲಿಸುವಂತಿಲ್ಲ. ಪೋಲೆಂಡಿನ ಸ್ಮಶಾನಗಳ ರಬ್ಬಿಗಳ ಆಯೋಗವನ್ನು ಕೇಳದೆ ಸಲಿಕೆ ಮುಟ್ಟಬೇಡಿ. ಪೋಲೆಂಡಿನದೇ ಪಟ್ಟಣ ಕಾಜಿಮೆಶ್ ದೋಲ್ನಿಯಲ್ಲಿ ಮುರಿದ ಕಲ್ಲುಗಳನ್ನೇ ಸೇರಿಸಿ, ನಡುವೆ ಬಿರುಕು ಬಿಟ್ಟು ಕಟ್ಟಿದ ಸ್ಮಾರಕ ಗೋಡೆ ಇದೆ. ಅದರ ಮುಂದೆ ನಿಂತವನಿಗೆ ಮಾತು ಹೊರಡುವುದಿಲ್ಲ. ಆದರೂ ಗೋಡೆಗೆ ಸೇರಿಸಿದ ಕಲ್ಲಿನ ಬೆನ್ನು ಇನ್ನು ಯಾರಿಗೂ ಕಾಣದು, ಸಿಮೆಂಟಿನಲ್ಲಿ ಕೂರಿಸಿದ ಮರಳುಗಲ್ಲು ನೀರು ಹಿಡಿದು ಚಳಿಗೆ ಸಿಡಿಯುತ್ತದೆ. ಬೇಲಿಯಂಚಿನಲ್ಲಿ, ಸಮಾಧಿ ಇಲ್ಲದ ಜಾಗವೆಂದು ಖಚಿತವಾದ ಕಡೆ ಜಲ್ಲಿ ಹಾಸಿ, ಮತ್ತೆ ಎತ್ತಬಹುದಾದಂತೆ ಇಡುವುದೇ ವಾಸಿ.

ಓದಿದ್ದನ್ನು ಯಹೂದಿ ವಂಶಾವಳಿಯ ಜಾಲತಾಣ ಜೂಯಿಶ್‌ಜೆನ್‌ನ ಆನ್‌ಲೈನ್ ಸಮಾಧಿ ಸೂಚಿಗೆ ಕಳಿಸಿ. ಅರ್ಧ ಹೆಸರಿದ್ದರೂ ಸೇರಿಸಿ, ಮುರಿದ ಕಡೆ ಮುರಿದಿದೆ ಅಂತಲೇ ಬರೆಯಿರಿ. ಊಹೆ ತುಂಬಬೇಡಿ, ಅದು ಒಂದು ಸಲ ಸೂಚಿಗೆ ಹೋದರೆ ಯಾರಾರದೋ ವಂಶವೃಕ್ಷಕ್ಕೆ ನಕಲಾಗುತ್ತಾ ಹೋಗುತ್ತದೆ.