ಯುರೋಪ್ ಪಾರ್ಲಿಮೆಂಟ್ ಬರೀ ಹರಟೆಕಟ್ಟೆಯಾ?

ಯುರೋಪನ್ನು ಒಂದುಗೂಡಿಸುವ ಕೆಲಸ ನಿಂತುಹೋದಾಗ ಪಾರ್ಲಿಮೆಂಟ್ ನಿಜವಾಗಿ ಏನಾದ್ರೂ ಮಾಡಿತಾ, ಅಥವಾ ಎಲ್ಲ ಸರ್ಕಾರಗಳದ್ದೇ ಆಟವಾ ಅಂತ ಕೇಳಿದ್ದೀರಿ. ಮಾಡಿತು ಅಂತಲೇ ನಾನು ಹೇಳ್ತೀನಿ. 1984ರ ಕಥೆ ನೋಡಿ.

ಆಗ ಯುರೋಪ್ ದೇಶಗಳ ಒಕ್ಕೂಟದಲ್ಲಿದ್ದದ್ದು ಹತ್ತು ದೇಶಗಳು. ದೊಡ್ಡ ವಿಷಯಕ್ಕೆಲ್ಲ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡ ಅಂದರೂ ಮುಗೀತು. ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ತಮ್ಮ ದೇಶ ಒಕ್ಕೂಟಕ್ಕೆ ಕಟ್ಟುವ ದುಡ್ಡು ಜಾಸ್ತಿಯಾಯಿತು ಅಂತ ವರ್ಷಗಟ್ಟಲೆ ಜಗಳ ಆಡುತ್ತಿದ್ದರು. ಪಾರ್ಲಿಮೆಂಟಿಗೆ ಜನ ನೇರವಾಗಿ ಓಟು ಹಾಕಿದ್ದೇ 1979ರಲ್ಲಿ, ಮೊದಲ ಸಲ. ಬಜೆಟ್ ಬಿಟ್ಟರೆ ಅದಕ್ಕಿದ್ದದ್ದು ಹೆಚ್ಚಾಗಿ ಸಲಹೆ ಕೊಡುವ ಅಧಿಕಾರ ಅಷ್ಟೇ. ಆದರೆ ಗೆದ್ದು ಬಂದವರು ಸುಮ್ನೆ ಕೂರಲಿಲ್ಲ. ಅದೇ ಡಿಸೆಂಬರಿನಲ್ಲಿ 1980ರ ಬಜೆಟ್ಟನ್ನೇ ತಿರಸ್ಕರಿಸಿದರು!

ಅವರಲ್ಲೊಬ್ಬರು ಇಟಲಿಯ ಆಲ್ಟಿಯೆರೊ ಸ್ಪಿನೆಲ್ಲಿ. ಮುಸೊಲಿನಿಯ ಕಾಲದಲ್ಲಿ ಜೈಲು ಕಂಡವರು. ಪಾರ್ಲಿಮೆಂಟ್ ಸೇರುವ ಊರು ಸ್ಟ್ರಾಸ್‌ಬರ್ಗಿನ ಕ್ರೊಕೊಡೈಲ್ ಅನ್ನುವ ಹೋಟೆಲಿನಲ್ಲಿ ಕೆಲವು ಸದಸ್ಯರನ್ನು ಊಟಕ್ಕೆ ಸೇರಿಸಿ ಗುಂಪು ಕಟ್ಟಿದರು. ಸರ್ಕಾರಗಳನ್ನು ಕಾಯುವುದೇಕೆ, ಒಕ್ಕೂಟದ ಹೊಸ ಕರಡು ಒಪ್ಪಂದವನ್ನು ನಾವೇ ಬರೆಯೋಣ ಅಂತ ಹೊರಟರು. 1984ರ ಫೆಬ್ರವರಿ 14ರಂದು ಅದು ಪಾಸಾಯಿತು: ಪರ 237, ವಿರೋಧ 31.

ಸ್ಪಿನೆಲ್ಲಿ ಲೆಕ್ಕಾಚಾರ ಜಾಣತನದ್ದು. ಕರಡು ಸರ್ಕಾರಗಳ ಕೈಗೆ ಸಿಕ್ಕಿದರೆ ಅವು ಅದನ್ನು ಕತ್ತರಿಸಿ ಹಾಕುತ್ತವೆ, ನೇರ ಆಯಾ ದೇಶಗಳ ಪಾರ್ಲಿಮೆಂಟುಗಳಿಗೇ ಕಳಿಸೋಣ ಅಂದರು. ಹಾಗಂತ ಪಾರ್ಲಿಮೆಂಟುಗಳೆಲ್ಲ ಒಗ್ಗಟ್ಟಿನ ಪರ ಅಂದ್ಕೋಬೇಡಿ. 1954ರಲ್ಲಿ ಯುರೋಪ್ ದೇಶಗಳ ಜಂಟಿ ಸೈನ್ಯದ ಒಪ್ಪಂದ ಬಿದ್ದುಹೋಗಿದ್ದು ಫ್ರಾನ್ಸಿನ ಪಾರ್ಲಿಮೆಂಟಿನಲ್ಲೇ, ಅದೂ ಫ್ರಾನ್ಸ್ ತಾನೇ ಮುಂದಿಟ್ಟ ಯೋಜನೆ!

ಕರಡು ಹಾಗೇ ಜಾರಿಗೆ ಬರಲಿಲ್ಲ. ಆದರೆ ಮೇ ತಿಂಗಳಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಯುರೋಪ್ ಪಾರ್ಲಿಮೆಂಟಿಗೇ ಬಂದು ಅದರ ಪರ ಮಾತಾಡಿದರು. 1985ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಒಕ್ಕೂಟದ ನಾಯಕರ ಸಭೆಯಲ್ಲಿ, ಥ್ಯಾಚರ್ ಬೇಡ ಅಂದರೂ, ಒಪ್ಪಂದ ತಿದ್ದುವ ಸಮ್ಮೇಳನ ಕರೆಯಲು ಬಹುಮತದಿಂದ ತೀರ್ಮಾನವಾಯಿತು. ಅಲ್ಲಿಂದ ಬಂದದ್ದು 1986ರ ಏಕ ಯುರೋಪ್ ಕಾಯ್ದೆ ಅನ್ನುವ ಒಪ್ಪಂದ. ಒಕ್ಕೂಟದ ದೇಶಗಳಿಗೆಲ್ಲ ಒಂದೇ ಮಾರುಕಟ್ಟೆ ಮಾಡಲು ಬೇಕಾದ ಬಹಳಷ್ಟು ಕಾನೂನುಗಳಿಗೆ ಬಹುಮತ ಸಾಕು ಅಂತಾಯಿತು. ಒಕ್ಕೂಟದ ಆಡಳಿತ ನಡೆಸುವ ಯುರೋಪ್ ಆಯೋಗದ ಅಧ್ಯಕ್ಷ ಡೆಲೋರ್ಸ್ ಪಾಲೂ ಇದರಲ್ಲಿ ದೊಡ್ಡದು, ಒಪ್ಪುತ್ತೇನೆ. ಸ್ಪಿನೆಲ್ಲಿಗಂತೂ ಇದು ತೀರಾ ಕಮ್ಮಿ ಅನ್ನಿಸಿತ್ತು. ಅದೇ ವರ್ಷ ಮೇನಲ್ಲಿ ತೀರಿಕೊಂಡರು.

ಇವತ್ತು ಪಾರ್ಲಿಮೆಂಟಿನಲ್ಲಿ 720 ಸದಸ್ಯರಿದ್ದಾರೆ. ಬಹುಪಾಲು ಕಾನೂನುಗಳಿಗೆ ಅವರ ಒಪ್ಪಿಗೆ ಬೇಕೇ ಬೇಕು. ಆದರೂ ಕಾನೂನು ಮಂಡಿಸುವ ಕೆಲಸ ಹೆಚ್ಚುಕಮ್ಮಿ ಆಯೋಗದ ಕೈಯಲ್ಲೇ ಇದೆ. ನನ್ನ ಪ್ರಕಾರ ಮುಂದಿನ ಜಗಳ ನಡೆಯಬೇಕಾದ್ದು ಇದರ ಮೇಲೆ.