ಆಟಿಸಂ ಮತ್ತು ಸಂರಕ್ಷಣೆಯ ಕೆಲಸ: ಇಂಗ್ಲೆಂಡಿಗೆ ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ವನ್ಯಜೀವಿ ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಪದವಿಗೆಂದು ಇಂಗ್ಲೆಂಡಿಗೆ ಬಂದಿರುವ ನೀವು, ಆಟಿಸಂ (ಜಗತ್ತನ್ನು ಗ್ರಹಿಸುವ, ಇತರರೊಂದಿಗೆ ಸಂವಹನ ನಡೆಸುವ ರೀತಿ ಬೇರೆಯಾಗಿರುವ ಸ್ಥಿತಿ) ಇರುವವರಿಗೆ ಇಲ್ಲಿ ಈ ಕ್ಷೇತ್ರದಲ್ಲಿ ಕೆಲಸ ಸಿಕ್ಕೀತೇ, ಆ ವಿಷಯವನ್ನು ಅರ್ಜಿಯಲ್ಲಿ ಹೇಳಬೇಕೇ ಅಥವಾ ಮುಚ್ಚಿಡಬೇಕೇ ಎಂದು ಕೇಳಿದ್ದೀರಿ. ಇಲ್ಲಿನ ಮೀಸಲು ಪ್ರದೇಶಗಳಲ್ಲಿ ಬಹುಕಾಲ ಕೆಲಸ ಮಾಡಿರುವ ನನ್ನ ಅಭಿಪ್ರಾಯದಲ್ಲಿ ಹೇಳುವುದೇ ಒಳ್ಳೆಯದು. ಆದರೆ ಆಟಿಸಂ ಇದೆ ಎಂದಷ್ಟೇ ಹೇಳಿ ನಿಲ್ಲಿಸದೆ, ಕೆಲಸ ಚೆನ್ನಾಗಿ ಸಾಗಲು ನಿಮಗೆ ಏನೇನು ಅನುಕೂಲ ಬೇಕು ಎಂಬುದನ್ನೂ ಜೊತೆಗೇ ತಿಳಿಸಿ.

ಇದಕ್ಕೆ ಕಾನೂನಿನ ಬೆಂಬಲವಿದೆ. 2010ರ ಸಮಾನತಾ ಕಾಯ್ದೆಯ ಪ್ರಕಾರ, ದಿನನಿತ್ಯದ ಬದುಕಿಗೆ ಗಣನೀಯ ತೊಡಕು ತರುವ ದೀರ್ಘಕಾಲದ ಸ್ಥಿತಿ ಇರುವವರಿಗೆ ಉದ್ಯೋಗದಾತರು ನ್ಯಾಯಸಮ್ಮತವಾದ ಹೊಂದಾಣಿಕೆಗಳನ್ನು, ಅಂದರೆ ಕೆಲಸದ ರೀತಿಯಲ್ಲಿ ಅವರಿಗೆ ಬೇಕಾದ ಬದಲಾವಣೆಗಳನ್ನು, ಮಾಡಿಕೊಡಲೇಬೇಕು. ನಿಮ್ಮ ಪೌರತ್ವ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಕೆಲಸ ಕೊಡುತ್ತೇವೆ ಎಂದು ಹೇಳುವ ಮೊದಲು ಆರೋಗ್ಯದ ಬಗ್ಗೆ ಪ್ರಶ್ನೆ ಕೇಳುವುದಕ್ಕೂ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಈ ಕಾಯ್ದೆಯಲ್ಲಿ ಅವಕಾಶವಿಲ್ಲ. ಆದರೂ ಹೇಳುವುದು ಲೇಸು ಎನ್ನಲು ಕಾರಣವಿದೆ: ನಿಮ್ಮ ಅಗತ್ಯ ಉದ್ಯೋಗದಾತರಿಗೆ ಗೊತ್ತೇ ಇರದಿದ್ದರೆ ಹೊಂದಾಣಿಕೆ ಮಾಡುವ ಹೊಣೆಯೂ ಅವರ ಮೇಲೆ ಬರುವುದಿಲ್ಲ. ಸಂದರ್ಶನದ ಪ್ರಶ್ನೆಗಳನ್ನು ಮುಂಚಿತವಾಗಿ ಬರವಣಿಗೆಯಲ್ಲಿ ಕಳಿಸಿ ಎಂದು ಕೇಳಿ. ಈ ಕ್ಷೇತ್ರದಲ್ಲಿ ಪ್ರತಿಭಾವಂತರು ಸೋಲುವುದನ್ನು ನಾನು ಕಂಡಿರುವುದು ಹೊಲ-ಕಾಡುಗಳಲ್ಲಲ್ಲ, ಮೂವರು ಅಪರಿಚಿತರ ಎದುರು ಕೂತು ಥಟ್ಟನೆ ಉತ್ತರಿಸಬೇಕಾದ ಆ ಕೊಠಡಿಯಲ್ಲಿ. ಈ ಪದ್ಧತಿ ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ಕೆಲಸದ ಸ್ವರೂಪ ತಿಳಿಯಲು ಚಿಟ್ಟೆ ಗಣತಿಯನ್ನೇ ನೋಡಿ. 1976ರಿಂದ ನಡೆದುಬಂದಿರುವ ಬ್ರಿಟನ್ನಿನ ಚಿಟ್ಟೆ ಗಣತಿ ಯೋಜನೆಯಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅದೇ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆಯುತ್ತಾ, ಎರಡೂ ಬದಿ ಸೇರಿ 5 ಮೀಟರ್ ಅಗಲದ ಪಟ್ಟಿಯೊಳಗೆ ಕಂಡ ಚಿಟ್ಟೆಗಳನ್ನು ಮಾತ್ರ ಬರೆದುಕೊಳ್ಳಬೇಕು. ಬಿಸಿಲು, ಗಾಳಿ, ಉಷ್ಣಾಂಶಕ್ಕೂ ಮಿತಿಗಳಿವೆ. ನಿಯಮ ಸ್ಪಷ್ಟವಾಗಿರುವ, ಸೂಕ್ಷ್ಮ ಗಮನವನ್ನೇ ಯೋಗ್ಯತೆಯೆಂದು ಪರಿಗಣಿಸುವ ಇಂಥ ಕೆಲಸ ಆಟಿಸಂ ಇರುವ ಅನೇಕರಿಗೆ ಹಿಡಿಸುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಪ್ರತಿ ವಾರ ನಡೆದ ದಾರಿಯಲ್ಲೇ ಬೇಲಿಯ ಗಿಡಗಳ ಎಲೆ ತಿರುವಿ, ಉಳಿದವರೆಲ್ಲ ದಾಟಿಹೋಗಿದ್ದ ಮೊಟ್ಟೆಗಳನ್ನು ತೋರಿಸುತ್ತಿದ್ದರು. ಅವರನ್ನು ದಣಿಸುತ್ತಿದ್ದುದು ಗಣತಿಯಲ್ಲ. ವ್ಯಾನಿನೊಳಗಿನ ರೇಡಿಯೊ, ಕುತ್ತಿಗೆಗೆ ಉಜ್ಜುವ ಮಳೆಯಂಗಿ, ಮಳೆ ಬಂತೆಂದು ಬೆಳಿಗ್ಗೆ ದಿಢೀರನೆ ಬದಲಾಗುವ ಕಾರ್ಯಕ್ರಮ, ಇವು ದಣಿಸುತ್ತಿದ್ದವು. ಹಿಂದಿನ ಸಂಜೆಯೇ ಬದಲಿ ಯೋಜನೆಯನ್ನು ಬರೆದು ಕಳಿಸುವ ರೂಢಿ ಆದಮೇಲೆ ತಂಡದ ಎಲ್ಲರಿಗೂ ಅನುಕೂಲವಾಯಿತು.

ಹಾಗೆಂದು, ನಿಮಗೆ ಗಣತಿಯೇ ಸರಿ ಎಂದು ಯಾರಾದರೂ ಒಂದು ಮೂಲೆಗೆ ಕೂರಿಸಿದರೆ ಒಪ್ಪಬೇಡಿ. ಆಟಿಸಂ ಇರುವವರೆಲ್ಲ ಒಂದೇ ಬಗೆಯವರಲ್ಲ; ಎಡಿಎಚ್‌ಡಿ (ಗಮನ ನಿಲ್ಲಿಸುವ ತೊಡಕು), ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರುವವರ ಬಲ ಮತ್ತು ತೊಡಕುಗಳೇ ಬೇರೆ. ತಮಗೆ ಆಟಿಸಂ ಇದೆಯೆಂದು ಬಹಿರಂಗವಾಗಿ ಹೇಳಿಕೊಂಡಿರುವ ಕ್ರಿಸ್ ಪ್ಯಾಕಮ್ ದಶಕಗಳಿಂದ ಟಿವಿಯಲ್ಲಿ ಲಕ್ಷಾಂತರ ಜನರಿಗೆ ನಿಸರ್ಗವನ್ನು ಪರಿಚಯಿಸುತ್ತಿದ್ದಾರೆ. ಆಟಿಸಂ ಇರುವ, ಉತ್ತರ ಐರ್ಲೆಂಡಿನ ಡಾರಾ ಮೆಕನಲ್ಟಿ ಹದಿಹರೆಯದಲ್ಲೇ ನಿಸರ್ಗ ಬರಹಗಾರರಾಗಿ ಹೆಸರಾದರು. ಜನರೊಂದಿಗೆ ಮಾತಾಡುವ ಕೆಲಸ ನಿಮಗಿಷ್ಟವಾದರೆ ಅದನ್ನೇ ಕೇಳಿ.

ಇನ್ನು ಹಣದ ಮಾತು. ಇಲ್ಲಿ ಈ ಕ್ಷೇತ್ರಕ್ಕೆ ಬರುವವರಿಂದ ತಿಂಗಳುಗಟ್ಟಲೆ ಸಂಬಳವಿಲ್ಲದ ದುಡಿಮೆಯನ್ನು ನಿರೀಕ್ಷಿಸುವ ಪರಿಪಾಠವಿದೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳಿರುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಯಷ್ಟೇ ಕೆಲಸ ಮಾಡಬಹುದು, ಮತ್ತು ಸಂಬಳವಿಲ್ಲದ ಉದ್ಯೋಗವೂ ಆ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಒಪ್ಪಿಕೊಳ್ಳುವ ಮುನ್ನ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರಿಗೆ ಆ ಕೆಲಸದ ವಿವರವನ್ನು ತೋರಿಸಿ. ಅದೇ ವಾರ ಅಂಗವಿಕಲರ ನೆರವು ವಿಭಾಗವನ್ನೂ ಭೇಟಿಯಾಗಿ, ಕ್ಷೇತ್ರ ಪ್ರವಾಸಗಳಿಗೆ ಬೇಕಾದ ಹೊಂದಾಣಿಕೆಗಳನ್ನು ಬರವಣಿಗೆಯಲ್ಲಿ ದಾಖಲಿಸಿಕೊಳ್ಳಿ. ಮುಂದೆ ಉದ್ಯೋಗದಾತರ ಮುಂದಿಡಲು ಆ ಪತ್ರವೇ ನಿಮಗೆ ಆಧಾರವಾಗುತ್ತದೆ.